ಗಿಟಾರು ವಾದ್ಯದ ನಾದಗ್ರಾಹಕ: ಅದರ ಚರಿತ್ರೆಯೂ ವಿವೇಚನೆಯೂ

೧. ಪ್ರಸ್ತಾವನೆ

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬಟ್ಟೆಯ ಚೀಲದಲ್ಲಿ ಒಂದು ಗಿಟಾರನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದನು. ಅದು ಅವನ ದಿವಂಗತ ತಂದೆಯವರ ವಾದ್ಯ. ಅವರು ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ಅದನ್ನು ನುಡಿಸುತ್ತಿದ್ದುದನ್ನು ನಾವೂ ಕೇಳಿದ್ದುಂಟು. ಮಗನು ಈಗ ಸಭೆಗಳಲ್ಲಿ ನುಡಿಸಲು ತೊಡಗಿದ್ದಾನೆ. ಮುನ್ನೂರು ಜನ ಸೇರಿದ ಸಭಾಂಗಣದಲ್ಲಿ, ಬೀಸಣಿಗೆಗಳ ಸದ್ದಿನ ನಡುವೆ, ಆ ವಾದ್ಯದ ಧ್ವನಿಯು ನಾಲ್ಕನೆಯ ಸಾಲನ್ನು ಮುಟ್ಟುವುದಿಲ್ಲ. ಪಟ್ಟಣದ ಕುಶಲಕರ್ಮಿಯೊಬ್ಬನು ವಾದ್ಯದ ಬುಡದಲ್ಲಿ ರಂಧ್ರವನ್ನು ಕೊರೆದು, ಕುದುರೆಯ ಕೆಳಗೆ ಒಂದು ಪಟ್ಟಿಯನ್ನಿರಿಸಿ, ಪಿಕಪ್ ಎಂಬ ಉಪಕರಣವನ್ನು ಜೋಡಿಸಿಕೊಡುವುದಾಗಿ ಹೇಳಿದ್ದನಂತೆ. “ಮೇಷ್ಟ್ರೇ, ಅಪ್ಪ ಇದ್ದಿದ್ದರೆ ಇದನ್ನು ಕೊರೆಯೋದಕ್ಕೆ ಒಪ್ಪುತ್ತಿದ್ದರಾ?” ಎಂದು ಅವನು ಕೇಳಿದನು. ನಮ್ಮಲ್ಲಿ ಆಗ ಉತ್ತರವಿರಲಿಲ್ಲ.

ಸಂದೇಹ ಬಂದಲ್ಲಿ ಮೊದಲು ಪೂರ್ವವೃತ್ತಾಂತವನ್ನು ತಿಳಿಯಬೇಕೆಂಬುದು ನಮಗೆ ಪಾಠಶಾಲೆಯಲ್ಲಿ ಹೇಳಿಕೊಟ್ಟ ಕ್ರಮ. ಆದಕಾರಣ ಈ ಉಪಕರಣವು ಎಲ್ಲಿ ಹುಟ್ಟಿತು, ಏತಕ್ಕಾಗಿ ಹುಟ್ಟಿತು, ಯಾವ ಯಾವ ಅವಸ್ಥೆಗಳನ್ನು ದಾಟಿ ಈಗಿನ ರೂಪಕ್ಕೆ ಬಂದಿತು ಎಂಬುದನ್ನು ಯಥಾಶಕ್ತಿ ಓದಿ ತಿಳಿದುಕೊಂಡೆವು. ಹಾಗೆ ತಿಳಿದುದರ ಸಾರವನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಪಿಕಪ್ ಎಂಬುದನ್ನು ನಾವು ‘ನಾದಗ್ರಾಹಕ’ವೆಂದು ಕರೆಯುವೆವು. ವಾದ್ಯದ ಸ್ಪಂದನವನ್ನು ಗ್ರಹಿಸಿ ವಿದ್ಯುತ್ತಿನ ರೂಪಕ್ಕೆ ತಿರುಗಿಸುವುದೇ ಅದರ ಕೆಲಸವಾದುದರಿಂದ ಈ ಹೆಸರು ಅನ್ವರ್ಥವಾದೀತು.

೨. ವಾದ್ಯವೂ ಅದರ ಕ್ಷೀಣಧ್ವನಿಯೂ

ನಾರದೀಯ ಶಿಕ್ಷೆಯಲ್ಲಿ ವೀಣೆಯು ಎರಡು ವಿಧವೆಂದು ಹೇಳಿದೆ: ಮರದಿಂದಾದ ದಾರವೀ ವೀಣೆ, ಮನುಷ್ಯನ ದೇಹವೇ ಆದ ಗಾತ್ರವೀಣೆ. ಈ ಜೋಡಣೆಯಲ್ಲಿ ಒಂದು ಸೂಕ್ಷ್ಮವಿದೆ. ಮನುಷ್ಯನ ಕಂಠದ ಧ್ವನಿಯು ಕೇವಲ ಕಂಠದ್ದಲ್ಲ. ಎದೆ, ತಲೆ, ಬಾಯಿ ಇವೆಲ್ಲವೂ ಅದಕ್ಕೆ ಸೇರುವುವು. ಅಂತೆಯೇ ಮರದ ವಾದ್ಯದ ಧ್ವನಿಯು ಕೇವಲ ತಂತಿಯದಲ್ಲ. ಬಿಗಿದ ತಂತಿಯೊಂದನ್ನು ಮಾತ್ರ ಮೀಟಿದರೆ ಅದು ಕದಲಿಸುವ ಗಾಳಿ ಅತ್ಯಲ್ಪ. ತಂತಿಯ ಸ್ಪಂದನವು ಕುದುರೆಯ ಮೂಲಕ ಇಳಿದು ತೆಳುವಾದ ಮೇಲ್ಹಲಗೆಯನ್ನು ನಡುಗಿಸಬೇಕು. ಆ ಹಲಗೆಯೂ ಅದರ ಕೆಳಗೆ ಒಡಲಿನಲ್ಲಿ ತುಂಬಿದ ಗಾಳಿಯೂ ಕೂಡಿ ನಡುಗಿದಾಗ ನಾವು ಕೇಳುವ ನಾದ ಹುಟ್ಟುವುದು. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಮುಂದಿನ ಚರಿತ್ರೆಯೆಲ್ಲವೂ ಇದರ ಮೇಲೆಯೇ ನಿಂತಿದೆ.

ಈಗಿನ ಗಿಟಾರಿಗೆ ರೂಪಕೊಟ್ಟವರಲ್ಲಿ ಇಬ್ಬರು ಪ್ರಮುಖರು. ಸ್ಪೇನ್ ದೇಶದ ಆಂಟೋನಿಯೋ ದೆ ತೋರೆಸ್ (೧೮೧೭–೧೮೯೨) ಎಂಬಾತನು ಕರುಳಿನ ತಂತಿಗಳ ವಾದ್ಯಕ್ಕೆ ದೊಡ್ಡ ಒಡಲನ್ನೂ, ಮೇಲ್ಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಪಟ್ಟಿಗಳನ್ನೂ ಅಳವಡಿಸಿ ಅದರ ಪ್ರಮಾಣವನ್ನು ಸ್ಥಿರಪಡಿಸಿದನು. ಜರ್ಮನಿಯ ಮಾರ್ಕ್‌ನಾಯ್‌ಕಿರ್ಶೆನ್ ಎಂಬ ಊರಿನಲ್ಲಿ ೧೭೯೬ರಲ್ಲಿ ಹುಟ್ಟಿದ ಸಿ. ಎಫ್. ಮಾರ್ಟಿನ್ ಎಂಬಾತನು ೧೮೩೩ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಮುಂದೆ ಪೆನ್ಸಿಲ್ವೇನಿಯಾ ಪ್ರಾಂತದ ನಾಝರತ್ ಎಂಬಲ್ಲಿ ನೆಲೆಸಿದನು. ಅವನ ಕಾರ್ಯಶಾಲೆಯಲ್ಲಿ ಒಳಪಟ್ಟಿಗಳನ್ನು ಒಂದನ್ನೊಂದು ಕತ್ತರಿಸುವಂತೆ ಅಡ್ಡಡ್ಡ ಇಡುವ ಪದ್ಧತಿಯು ೧೮೪೦ರ ದಶಕದಲ್ಲಿಯೇ ಕಾಣಿಸಿಕೊಂಡಿತು. ಈ ಕಟ್ಟು ಬಲವಾದುದರಿಂದ ಮುಂದೆ ಉಕ್ಕಿನ ತಂತಿಗಳ ಸೆಳೆತವನ್ನು ತಡೆಯಲು ಇದೇ ಆಧಾರವಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸಂಗೀತವು ಮನೆಯ ಅಂಗಳದಿಂದ ನೃತ್ಯಶಾಲೆಗೆ ಹೋಯಿತು. ತುತ್ತೂರಿಗಳು, ಸ್ಯಾಕ್ಸೋಫೋನುಗಳು, ಭೇರಿಗಳು ಕೂಡಿದ ಮೇಳದ ಮಧ್ಯೆ ಗಿಟಾರು ಮೂಕವಾಯಿತು. ವಾದ್ಯನಿರ್ಮಾಪಕರು ಮೊದಲು ಮರದಿಂದಲೇ ಪರಿಹಾರವನ್ನು ಹುಡುಕಿದರು. ೧೯೧೬ರಲ್ಲಿ ಮಾರ್ಟಿನ್ ಕಾರ್ಖಾನೆಯವರು ಆಲಿವರ್ ಡಿಟ್ಸನ್ ಎಂಬ ವರ್ತಕ ಸಂಸ್ಥೆಗಾಗಿ ‘ಡ್ರೆಡ್‌ನಾಟ್’ ಎಂಬ ಭಾರಿ ಒಡಲಿನ ವಾದ್ಯವನ್ನು ಮಾಡಿದರು; ೧೯೩೧ರಿಂದ ತಮ್ಮ ಹೆಸರಿನಲ್ಲಿಯೇ ಮಾರತೊಡಗಿದರು. ಉಕ್ಕಿನ ತಂತಿಗಳು ರೂಢಿಗೆ ಬಂದುವು. ೧೯೨೭ರಲ್ಲಿ ಜಾನ್ ಡೋಪ್ಯೇರಾ ಎಂಬ ಶಿಲ್ಪಿಯೂ ಜಾರ್ಜ್ ಬೋಶಾಂ ಎಂಬ ವಾದಕನೂ ಕೂಡಿ, ಒಡಲೊಳಗೆ ಅಲ್ಯೂಮಿನಿಯಂ ಬಟ್ಟಲುಗಳನ್ನಿರಿಸಿದ ಲೋಹದ ಗಿಟಾರನ್ನು ಹೊರತಂದರು. ಧ್ವನಿಯೇನೋ ಹೆಚ್ಚಿತು, ಆದರೆ ಅದು ಮರದ ಧ್ವನಿಯಾಗಿರಲಿಲ್ಲ. ಹೀಗೆ ಧ್ವನಿಯ ಪ್ರಮಾಣವನ್ನು ಪಡೆಯಲು ಧ್ವನಿಯ ಗುಣವನ್ನು ಎಷ್ಟು ಬಿಟ್ಟುಕೊಡಬೇಕೆಂಬ ಲೆಕ್ಕಾಚಾರವು ವಿದ್ಯುತ್ತು ಬರುವ ಮೊದಲೇ ಆರಂಭವಾಗಿದ್ದಿತು.

೩. ಅಯಸ್ಕಾಂತದ ಮಾರ್ಗ

ಅಯಸ್ಕಾಂತವೂ ತಾಮ್ರದ ಸುರುಳಿಯೂ ಒಂದಕ್ಕೊಂದು ಸಾಪೇಕ್ಷವಾಗಿ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಮೈಕೇಲ್ ಫ್ಯಾರಡೆಯು ೧೮೩೧ರಲ್ಲಿ ತೋರಿಸಿಕೊಟ್ಟನು. ಆ ಮೇಲೆ ೧೯೦೬ರಲ್ಲಿ ಲೀ ಡಿ ಫಾರೆಸ್ಟನು ರೂಪಿಸಿದ ನಿರ್ವಾತನಳಿಕೆಯು ಕ್ಷೀಣವಾದ ವಿದ್ಯುತ್ತನ್ನು ವರ್ಧಿಸುವ ಬಗೆಗೆ ದಾರಿ ತೆರೆಯಿತು. ೧೯೨೦ರ ದಶಕದಲ್ಲಿ ಆಕಾಶವಾಣಿಯೂ ವಿದ್ಯುತ್ತಿನ ಗ್ರಾಮಫೋನೂ ಬಂದಮೇಲೆ, ಗಿಟಾರಿಗೂ ಅದೇ ಉಪಾಯವನ್ನು ಹೂಡಬಾರದೇಕೆ ಎಂಬ ಯೋಚನೆಯು ಹಲವರಿಗೆ ಏಕಕಾಲದಲ್ಲಿ ಹೊಳೆಯಿತು.

೧೯೨೮ರಲ್ಲಿ ಷಿಕಾಗೋ ನಗರದ ಸ್ಟ್ರೋಮ್‌ಬರ್ಗ್–ವ್ಯಾಸಿನೆಟ್ ಎಂಬ ಸಂಸ್ಥೆಯವರು ವಿದ್ಯುತ್ ಗಿಟಾರೊಂದನ್ನು ಪ್ರಕಟಪಡಿಸಿದರು. ಅದರ ಗ್ರಾಹಕವು ಹಲಗೆಯ ನಡುಕವನ್ನು ಹಿಡಿಯಲು ಯತ್ನಿಸಿತು. ಉದ್ದೇಶವು ಯುಕ್ತವಾಗಿದ್ದರೂ ಆಗಿನ ಸಲಕರಣೆಗಳಿಂದ ದೊರೆತ ವಿದ್ಯುತ್ತು ದುರ್ಬಲವಾಗಿದ್ದು ಆ ವಾದ್ಯವು ನಿಲ್ಲಲಿಲ್ಲ. ಮೇಲೆ ಹೇಳಿದ ಬೋಶಾಂ ಎಂಬಾತನು ಬೇರೊಂದು ದಾರಿಯನ್ನು ಹಿಡಿದನು. ಹಲಗೆಯ ಗೊಡವೆಯನ್ನೇ ಬಿಟ್ಟು, ಉಕ್ಕಿನ ತಂತಿಯ ಚಲನೆಯನ್ನು ನೇರವಾಗಿ ಅಯಸ್ಕಾಂತದಿಂದ ಗ್ರಹಿಸಿದರಾಯಿತೆಂದು ಅವನು ನಿಶ್ಚಯಿಸಿದನು. ಲಾಳದ ಆಕಾರದ ಎರಡು ಅಯಸ್ಕಾಂತಗಳ ನಡುವೆ ತಂತಿಗಳು ಹಾಯುವಂತೆ ಮಾಡಿ, ಅವುಗಳ ಕೆಳಗೆ ತಾಮ್ರದ ಸುರುಳಿಯನ್ನಿರಿಸಿದನು. ೧೯೩೧ರಲ್ಲಿ ಇದರ ಮಾದರಿ ಸಿದ್ಧವಾಯಿತು. ಮರುವರ್ಷ ಲಾಸ್ ಏಂಜಲೀಸಿನಲ್ಲಿ ಅಡಾಲ್ಫ್ ರಿಕನ್‌ಬ್ಯಾಕರನ ಸಹಭಾಗಿತ್ವದಲ್ಲಿ ಅಲ್ಯೂಮಿನಿಯಂ ಎರಕದ ವಾದ್ಯವಾಗಿ ಹೊರಬಂದಿತು. ದುಂಡಗಿನ ಒಡಲೂ ಉದ್ದನೆಯ ಹಿಡಿಯೂ ಇದ್ದುದರಿಂದ ಜನರು ಅದನ್ನು ಹುರಿಯುವ ಬಾಣಲೆಯೆಂದು ಕರೆದರು. ೧೯೩೪ರಲ್ಲಿ ಸಲ್ಲಿಸಿದ ಅರ್ಜಿಗೆ ೧೯೩೭ರ ಆಗಸ್ಟ್ ೧೦ರಂದು ಏಕಸ್ವಾಮ್ಯದ ಹಕ್ಕು ದೊರಕಿತು.

ಇಲ್ಲಿ ನಾವು ಗಮನಿಸತಕ್ಕದ್ದೇನೆಂದರೆ, ಬೋಶಾಂನ ಗ್ರಾಹಕಕ್ಕೆ ಒಡಲಿನ ಆವಶ್ಯಕತೆಯೇ ಇರಲಿಲ್ಲ. ಅದು ತಂತಿಯನ್ನು ಕೇಳಿತು, ಮರವನ್ನು ಕೇಳಲಿಲ್ಲ. ಘನವಾದ ಹಲಗೆಯ ವಿದ್ಯುತ್ ಗಿಟಾರು ಮುಂದೆ ಸ್ವತಂತ್ರ ವಾದ್ಯವಾಗಿ ಬೆಳೆದದ್ದು ಈ ಬೀಜದಿಂದಲೇ. ಅದರ ಕಥೆಯು ನಮ್ಮ ವಿಷಯಕ್ಕೆ ಹೊರಗಾದುದು. ಮರದ ಗಿಟಾರನ್ನೇ ಇಟ್ಟುಕೊಂಡು ಅದನ್ನು ದೂರಕ್ಕೆ ಕೇಳಿಸಬೇಕೆಂದವರ ಕಥೆ ನಮ್ಮದು.

ಅಂಥವರಿಗೆ ಮೊದಲ ಉಪಕಾರ ಮಾಡಿದವನು ಓಹಾಯೋ ಪ್ರಾಂತದ ಟೊಲೀಡೋ ನಗರದ ಹ್ಯಾರಿ ಡಿಆರ್ಮಂಡ್. ೧೯೩೦ರ ದಶಕದ ಮಧ್ಯಭಾಗದಲ್ಲಿ ಅವನು ಇದ್ದ ಗಿಟಾರಿಗೆ ಹೊರಗಿನಿಂದ ಸಿಕ್ಕಿಸಿ ಬೇಡವಾದಾಗ ತೆಗೆದಿಡಬಹುದಾದ ಅಯಸ್ಕಾಂತದ ಗ್ರಾಹಕವನ್ನು ನಿರ್ಮಿಸಿದನು. ವಾದ್ಯವನ್ನು ಕೊರೆಯಬೇಕಾಗಿರಲಿಲ್ಲ. ಆತನ ಗ್ರಾಹಕಗಳಲ್ಲಿ ಒಂದು ಬಗೆಯವು ದುಂಡಾದ ನಾದರಂಧ್ರಕ್ಕೆ ಸಿಕ್ಕಿಸುವಂಥವು. ಟೆಕ್ಸಾಸಿನ ಜನಪದ ಗಾಯಕ ಲೈಟ್ನಿನ್ ಹಾಪ್ಕಿನ್ಸ್ ಮುಂತಾದವರ ವಾದ್ಯಗಳಲ್ಲಿ ಅವು ಕಾಣುವುವು. ೧೯೩೬ರಲ್ಲಿ ಗಿಬ್ಸನ್ ಕಾರ್ಖಾನೆಯವರು ಇ.ಎಸ್. ೧೫೦ ಎಂಬ ಟೊಳ್ಳೊಡಲಿನ ಗಿಟಾರಿಗೆ ಗ್ರಾಹಕವನ್ನು ಕಾರ್ಖಾನೆಯಲ್ಲಿಯೇ ಕೂಡಿಸಿ ಮಾರಿದರು. ೧೯೩೯ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು ಅದನ್ನು ಹಿಡಿದು ತುತ್ತೂರಿಗಳಿಗೆ ಸಮನಾಗಿ ನುಡಿಸಿದನು. ಮೂರು ವರ್ಷಗಳೊಳಗಾಗಿ, ೧೯೪೨ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿಯೇ ಅವನು ತೀರಿಕೊಂಡದ್ದು ಶೋಚನೀಯ. ಅಷ್ಟರಲ್ಲಿ ಗಿಟಾರು ಮೇಳದ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದಿದ್ದಿತು.

೪. ಕಿವಿಯೇ ಬಾಯಾದ ಕಷ್ಟ

ಟೊಳ್ಳೊಡಲಿನ ವಾದ್ಯಕ್ಕೆ ಗ್ರಾಹಕವನ್ನು ಕೂಡಿಸಿದೊಡನೆ ಒಂದು ಹೊಸ ಕ್ಲೇಶವು ಹುಟ್ಟಿತು. ಧ್ವನಿವರ್ಧಕದಿಂದ ಹೊರಟ ನಾದವು ಮರಳಿ ಬಂದು ವಾದ್ಯದ ಹಲಗೆಯನ್ನೇ ನಡುಗಿಸುವುದು. ಆ ನಡುಕವನ್ನು ಗ್ರಾಹಕವು ಮತ್ತೆ ಹಿಡಿಯುವುದು. ಅದು ವರ್ಧಿತವಾಗಿ ಮತ್ತೆ ಮರಳುವುದು. ಹೀಗೆ ಚಕ್ರದಂತೆ ಸುತ್ತಿ ಸುತ್ತಿ ಕೊನೆಗೆ ಕಿವಿಗಡಚಿಕ್ಕುವ ಊಳು ಏಳುವುದು. ಇದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ದೊಡ್ಡ ಗಿಟಾರಿನ ಒಡಲೊಳಗಿನ ಗಾಳಿಯು ಕ್ಷಣಕ್ಕೆ ಸುಮಾರು ೧೦೦ ಸಲ, ಮೇಲ್ಹಲಗೆಯು ಸುಮಾರು ೨೦೦ ಸಲ ಸ್ಪಂದಿಸುವ ಸ್ವಭಾವವುಳ್ಳದ್ದು. ಊಳು ಹೆಚ್ಚಾಗಿ ಈ ಸ್ವರಗಳ ಆಸುಪಾಸಿನಲ್ಲಿಯೇ ಹುಟ್ಟುವುದು. ಮರವು ಎಷ್ಟು ಉತ್ತಮವೋ, ಹಲಗೆಯು ಎಷ್ಟು ತೆಳುವೋ, ಊಳು ಅಷ್ಟು ಬೇಗ. ಒಳ್ಳೆಯ ವಾದ್ಯದ ಗುಣವೇ ಇಲ್ಲಿ ದೋಷವಾಗಿ ಪರಿಣಮಿಸಿತು.

ಇದಕ್ಕೆ ಗಿಬ್ಸನ್ ಕಾರ್ಖಾನೆಯವರು ಕೊಟ್ಟ ಪರಿಹಾರವು ವಿಚಾರಾರ್ಹವಾದುದು. ೧೯೫೪ರಲ್ಲಿ ಅವರು ಜೆ–೧೬೦ಇ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದರು. ನೋಟಕ್ಕೆ ಅದು ಸಾಧಾರಣ ಮರದ ಗಿಟಾರೇ. ಬೆರಳುಹಲಗೆಯ ಕೊನೆಯಲ್ಲಿ ಅಯಸ್ಕಾಂತದ ಗ್ರಾಹಕವನ್ನು ಹುದುಗಿಸಿದ್ದರು. ಊಳನ್ನು ತಡೆಯಲೆಂದು ಮೇಲ್ಹಲಗೆಗೆ ಪದರಪದರವಾಗಿ ಅಂಟಿಸಿದ ಪ್ಲೈವುಡ್ಡನ್ನು ಬಳಸಿ, ಒಳಪಟ್ಟಿಗಳನ್ನು ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿ ಕಟ್ಟಿದರು. ಅಂದರೆ, ವಾದ್ಯವು ದೂರಕ್ಕೆ ಕೇಳಿಸಲೆಂದು ಅದರ ಸಹಜ ನಾದವನ್ನು ಬೇಕೆಂದೇ ಕುಗ್ಗಿಸಿದರು. ಇಂಗ್ಲೆಂಡಿನ ಬೀಟಲ್ಸ್ ಮೇಳದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ೧೯೬೨ರಲ್ಲಿ ಲಿವರ್‌ಪೂಲಿನಲ್ಲಿ ಈ ವಾದ್ಯಗಳನ್ನೇ ಕೊಂಡರು. ಅಷ್ಟೆಲ್ಲ ಜಾಗ್ರತೆ ವಹಿಸಿದರೂ ಊಳು ಪೂರ್ತಿಯಾಗಿ ತಪ್ಪಲಿಲ್ಲ. ೧೯೬೪ರ ಅಕ್ಟೋಬರಿನಲ್ಲಿ ‘ಐ ಫೀಲ್ ಫೈನ್’ ಎಂಬ ಹಾಡನ್ನು ಮುದ್ರಿಸುವಾಗ ಲೆನನ್ನನ ಗಿಟಾರು ವರ್ಧಕದ ಸಮೀಪದಲ್ಲಿದ್ದು ತಾನಾಗಿ ಊಳಿಟ್ಟಿತು. ಅವರು ಅದನ್ನು ಅಳಿಸುವ ಬದಲು ಹಾಡಿನ ಮೊದಲಿಗೇ ಇರಿಸಿಕೊಂಡರು. ದೋಷವು ಅಲಂಕಾರವಾಗುವುದನ್ನು ನಮ್ಮ ಆಲಂಕಾರಿಕರೂ ಬಲ್ಲರು. ಆದರೆ ಅದು ಕವಿಯ ಇಚ್ಛೆಯಿಂದಾಗಬೇಕು. ಸಭೆಯ ಮಧ್ಯೆ ತಾನಾಗಿ ಎದ್ದ ಊಳು ಯಾರಿಗೂ ಅಲಂಕಾರವಲ್ಲ.

ಮಾರ್ಟಿನ್ ಕಾರ್ಖಾನೆಯವರೂ ಈ ಯತ್ನದಲ್ಲಿ ಹಿಂದುಳಿಯಲಿಲ್ಲ. ೧೯೫೦ರ ದಶಕದ ಕೊನೆಯಲ್ಲಿ ಡಿ–೧೮ಇ ಎಂಬ ಗಿಟಾರಿಗೆ ಎರಡು ಡಿಆರ್ಮಂಡ್ ಗ್ರಾಹಕಗಳನ್ನೂ, ಮೇಲ್ಹಲಗೆಯನ್ನು ಕೊರೆದು ತಿರುಗುಗುಂಡಿಗಳನ್ನೂ ಕೂಡಿಸಿದರು. ಮರದ ಧ್ವನಿಯನ್ನು ಮೆಚ್ಚುವವರಿಗೆ ಕೊರೆದ ಹಲಗೆ ರುಚಿಸಲಿಲ್ಲ; ವಿದ್ಯುತ್ತಿನ ಧ್ವನಿಯನ್ನು ಬಯಸುವವರಿಗೆ ಬೇರೆ ವಾದ್ಯಗಳಿದ್ದುವು. ಒಟ್ಟು ೩೦೨ ವಾದ್ಯಗಳಾದ ಮೇಲೆ ಆ ಮಾದರಿಯು ನಿಂತುಹೋಯಿತು.

೫. ಪೀಡನದ ಮಾರ್ಗ

ಇಷ್ಟರಲ್ಲಿ ಇನ್ನೊಂದು ಮಾರ್ಗವು ಪ್ರಯೋಗಶಾಲೆಗಳಲ್ಲಿ ಪಕ್ವವಾಗುತ್ತಿದ್ದಿತು. ೧೮೮೦ರಲ್ಲಿ ಫ್ರಾನ್ಸ್ ದೇಶದ ಝಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಸಹೋದರರು ಸ್ಫಟಿಕ ಮುಂತಾದ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಹುಟ್ಟುವುದೆಂದು ಕಂಡುಹಿಡಿದರು. ಇದಕ್ಕೆ ‘ಪೀಜೋ’ ವಿದ್ಯುತ್ತೆಂದು ಹೆಸರು. ಒತ್ತು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಈ ಪದವು ಬಂದಿದೆ. ಆ ಧಾತುವೂ ನಮ್ಮ ಸಂಸ್ಕೃತದ ಪೀಡ್ ಧಾತುವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಹೀಗಿರುವುದರಿಂದ ಇದನ್ನು ಪೀಡನವಿದ್ಯುತ್ತೆಂದು ಕರೆದರೆ ಹೊಸ ಪದವನ್ನು ಕಟ್ಟಿದಂತಾಗದೆ, ಅಗಲಿದ ಬಂಧುವನ್ನು ಮನೆಗೆ ಕರೆದಂತಾಗುವುದು.

ಪೀಡನಗ್ರಾಹಕದ ವಿಶೇಷವೇನೆಂದರೆ ಅದಕ್ಕೆ ತಂತಿಯು ಉಕ್ಕಿನದೇ ಆಗಬೇಕೆಂಬ ನಿರ್ಬಂಧವಿಲ್ಲ. ಅಯಸ್ಕಾಂತವು ಕರುಳಿನ ತಂತಿಯನ್ನಾಗಲಿ ನೈಲಾನ್ ತಂತಿಯನ್ನಾಗಲಿ ಅರಿಯದು. ಹರಳಿಗಾದರೋ ಒತ್ತಡವೊಂದು ಇದ್ದರೆ ಸಾಕು. ೧೯೬೦ರ ದಶಕದಲ್ಲಿ ಜಾನ್ ಬೆರಿ ಎಂಬ ಪಿಟೀಲುವಾದಕನೂ ಲೆಸ್ ಬಾರ್ಕಸ್ ಎಂಬವನೂ ಕೂಡಿ ವಾದ್ಯದ ಮೈಗೆ ತಾಗಿಸುವ ಇಂತಹ ಗ್ರಾಹಕಗಳನ್ನು ಮಾಡಿ ಪ್ರಚಾರಕ್ಕೆ ತಂದರು. ಹೆಲಿಕಾಪ್ಟರುಗಳ ನಿರ್ಮಾಪಕನಾಗಿದ್ದ ಚಾರ್ಲ್ಸ್ ಕಾಮನ್ ಎಂಬ ಅಮೆರಿಕನ್ನನು ೧೯೬೬ರಲ್ಲಿ ಓವೇಷನ್ ಎಂಬ ಗಿಟಾರು ಸಂಸ್ಥೆಯನ್ನು ಸ್ಥಾಪಿಸಿದನು. ಅವನ ಸಂಸ್ಥೆಯವರು ೧೯೭೦ರ ಆಸುಪಾಸಿನಲ್ಲಿ ಕುದುರೆಯಲ್ಲಿಯೇ, ಒಂದೊಂದು ತಂತಿಗೆ ಒಂದೊಂದರಂತೆ, ಆರು ಹರಳುಗಳನ್ನು ಹುದುಗಿಸಿ, ಅವುಗಳ ವಿದ್ಯುತ್ತನ್ನು ಸರಿಪಡಿಸುವ ಚಿಕ್ಕ ವರ್ಧಕವನ್ನು ಒಡಲೊಳಗೆ ಇರಿಸಿದರು. ಕುದುರೆಯಲ್ಲಿ ತಂತಿಯ ಒತ್ತಡವನ್ನೇ ಗ್ರಹಿಸುವುದರಿಂದ ಊಳು ಬಹುಮಟ್ಟಿಗೆ ಕಡಮೆಯಾಯಿತು. ೧೯೮೧ರಲ್ಲಿ ಲ್ಯಾರಿ ಫಿಷ್‌ಮನ್ ಎಂಬ ಮಂದ್ರವಾದ್ಯದ ವಾದಕನು ಸ್ಥಾಪಿಸಿದ ಸಂಸ್ಥೆಯು ಕುದುರೆಯ ಕೆಳಗೆ ತೂರಿಸಬಹುದಾದ ತೆಳುಪಟ್ಟಿಯ ಗ್ರಾಹಕಗಳನ್ನು ವ್ಯಾಪಕವಾಗಿ ಬಳಕೆಗೆ ತಂದಿತು. ನಮ್ಮ ವಿದ್ಯಾರ್ಥಿಗೆ ಆ ಕುಶಲಕರ್ಮಿಯು ಸೂಚಿಸಿದ್ದು ಈ ಜಾತಿಯದು.

ಈ ಮಾರ್ಗಕ್ಕೂ ತನ್ನದೇ ಆದ ದೋಷವುಂಟು. ಕುದುರೆಯ ಕೆಳಗೆ ಒತ್ತಡವು ಅತಿ ಶೀಘ್ರವಾಗಿ ಏರಿಳಿಯುವುದು. ಬಲವಾಗಿ ಮೀಟಿದಾಗ ಧ್ವನಿಯ ಮೊದಲ ಕ್ಷಣವು ತೀಕ್ಷ್ಣವಾಗಿ, ಬಾತುಕೋಳಿ ಕೂಗಿದಂತೆ ಕೇಳಿಸುವುದೆಂದು ವಾದಕರು ದೂರುವರು. ಮರವು ಒತ್ತಡವನ್ನು ಹೀರಿ, ಹದಗೊಳಿಸಿ, ಗಾಳಿಗೆ ಕೊಡುವ ಮೊದಲೇ ಗ್ರಾಹಕವು ಅದನ್ನು ಕಸಿದುಕೊಳ್ಳುವುದರ ಫಲವಿದು.

ಈ ದೋಷವನ್ನು ಅರಿತ ಕೆಲವರು ಮತ್ತೆ ಅಯಸ್ಕಾಂತಕ್ಕೆ ಹಿಂದಿರುಗಿದುದೂ ಉಂಟು. ೧೯೮೯ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಅನ್‌ಪ್ಲಗ್ಡ್’, ಅಂದರೆ ವಿದ್ಯುತ್ತಿನ ನಂಟು ಕಳಚಿದ್ದು, ಎಂಬ ಕಾರ್ಯಕ್ರಮವು ಆರಂಭವಾಯಿತು. ೧೯೯೩ರ ನವೆಂಬರ್ ೧೮ರಂದು ನಿರ್ವಾಣ ಮೇಳದ ಕರ್ಟ್ ಕೊಬೇನ್ ಅದರಲ್ಲಿ ನುಡಿಸಿದ ವಾದ್ಯವು ೧೯೫೯ರ ಡಿ–೧೮ಇ. ಯಾರಿಗೂ ಬೇಡವಾಗಿ ನಿಂತುಹೋಗಿದ್ದ, ಮೇಲ್ಹಲಗೆಯನ್ನು ಕೊರೆದ ಅದೇ ಮಾದರಿ! ಅವನು ಅದರ ನಾದರಂಧ್ರಕ್ಕೆ ಇನ್ನೊಂದು ಗ್ರಾಹಕವನ್ನು ಸೇರಿಸಿ ವರ್ಧಕಕ್ಕೆ ಜೋಡಿಸಿದ್ದನು. ಹೆಸರು ವಿದ್ಯುತ್ತನ್ನು ಕಳಚಿದ್ದು, ಧ್ವನಿ ವಿದ್ಯುತ್ತಿನಿಂದ ಬಂದದ್ದು. ೨೦೨೦ರ ಜೂನಿನಲ್ಲಿ ಆ ಗಿಟಾರು ಹರಾಜಿನಲ್ಲಿ ೬೦ ಲಕ್ಷ ಡಾಲರುಗಳಿಗೂ ಮೇಲ್ಪಟ್ಟ ಬೆಲೆಗೆ ಹೋಯಿತು. ಕೊಂಡವನು ಧ್ವನಿಗ್ರಾಹಕ ಯಂತ್ರಗಳನ್ನು ತಯಾರಿಸುವ ಆಸ್ಟ್ರೇಲಿಯಾದ ಉದ್ಯಮಿ. ಕೊರೆದ ವಾದ್ಯವೆಲ್ಲ ಕೆಟ್ಟಿತೆಂದು ಹೇಳುವವರು ಈ ನಿದರ್ಶನವನ್ನು ನೆನೆಯಬೇಕು. ಆದರೆ ಆ ಬೆಲೆಯು ನುಡಿಸಿದವನ ಕೀರ್ತಿಗೆ ಸಂದದ್ದೇ ಹೊರತು ರಂಧ್ರಗಳಿಗೆ ಸಂದದ್ದಲ್ಲವೆಂಬುದನ್ನೂ ಮರೆಯಬಾರದು.

೬. ಆಯ್ಕೆ ಮತ್ತು ಜೋಡಣೆ

ಮೇಲಣ ಚರಿತ್ರೆಯಿಂದ ಹೊರಡುವ ಸಿದ್ಧಾಂತವು ಇಷ್ಟು: ನಾದವು ತಂತಿ, ಕುದುರೆ, ಹಲಗೆ, ಗಾಳಿ ಎಂಬ ನಾಲ್ಕು ಎಡೆಗಳನ್ನು ಕ್ರಮವಾಗಿ ದಾಟಿ ಕಿವಿಗೆ ಬರುವುದು, ಒಂದೊಂದು ಗ್ರಾಹಕವು ಇವುಗಳಲ್ಲಿ ಒಂದೊಂದು ಎಡೆಯಲ್ಲಿ ಕಾದು ನಿಲ್ಲುವುದು. ನಾಲ್ಕನ್ನೂ ಒಂದೇ ಬಾರಿಗೆ ಗ್ರಹಿಸುವ ಉಪಕರಣವಿಲ್ಲ. ಆದುದರಿಂದ ಆಯ್ಕೆಯೆಂದರೆ ಯಾವ ನಷ್ಟವನ್ನು ಸಹಿಸಬಲ್ಲೆವೆಂಬುದರ ನಿರ್ಣಯ.

ತಂತಿಯ ಎಡೆಯಲ್ಲಿ ನಿಲ್ಲುವುದು ನಾದರಂಧ್ರದ ಅಯಸ್ಕಾಂತ ಗ್ರಾಹಕ. ಇದು ಊಳನ್ನು ಚೆನ್ನಾಗಿ ತಡೆಯುವುದು. ಧ್ವನಿಯು ದುಂಡಾಗಿದ್ದರೂ ವಿದ್ಯುತ್ ಗಿಟಾರಿನ ಛಾಯೆ ಇರುವುದು. ಕಂಚು ಸುತ್ತಿದ ತಂತಿಗಳಲ್ಲಿ ಅಯಸ್ಕಾಂತವು ಒಳಗಣ ಉಕ್ಕಿನ ಎಳೆಯನ್ನು ಮಾತ್ರ ಅರಿಯುವುದರಿಂದ, ಸುತ್ತಿಲ್ಲದ ಎರಡು ತೆಳುತಂತಿಗಳು ಮಿತಿಮೀರಿ ಕೇಳಿಸುವ ಸಂಭವವುಂಟು. ಒಂದೊಂದು ತಂತಿಯ ಕೆಳಗಿನ ತಿರುಪನ್ನು ಏರಿಸಿ ಇಳಿಸಿ ಸಮಪಡಿಸುವ ಅನುಕೂಲವಿರುವುದನ್ನೇ ಆರಿಸತಕ್ಕದ್ದು. ದೀಪದ ತಂತಿಗಳ ಗುಂಯ್‌ಗುಡುವ ಸದ್ದನ್ನೂ ಅಯಸ್ಕಾಂತದ ಸುರುಳಿಯು ಎಳೆದುಕೊಳ್ಳುವುದು. ಇದಕ್ಕೆ ಗಿಬ್ಸನ್ ಕಾರ್ಖಾನೆಯ ಸೆತ್ ಲವರ್ ಎಂಬ ಯಂತ್ರಜ್ಞನು ೧೯೫೫ರಲ್ಲಿಯೇ ಪರಿಹಾರವನ್ನು ರೂಪಿಸಿದನು: ವಿರುದ್ಧವಾಗಿ ಸುತ್ತಿದ ಎರಡು ಸುರುಳಿಗಳನ್ನು ಕೂಡಿಸಿದರೆ ಹೊರಗಿನ ಸದ್ದು ಪರಸ್ಪರ ಅಳಿದು ತಂತಿಯ ನಾದ ಮಾತ್ರ ಉಳಿಯುವುದು.

ಕುದುರೆಯ ಎಡೆಯಲ್ಲಿ ನಿಲ್ಲುವ ಪೀಡನಪಟ್ಟಿಯು ಸ್ಪಷ್ಟವೂ ಚುರುಕೂ ಆದುದು. ಬಲವಾಗಿ ಮೀಟುವವರಿಗೆ ಕಟುವಾಗುವುದು. ಹಲಗೆಯ ಎಡೆಯಲ್ಲಿ ನಿಲ್ಲುವುದು ಒಡಲೊಳಗೆ, ಕುದುರೆಯ ನೇರಕ್ಕೆ ಕೆಳಗಿರುವ ಮರದ ತುಂಡಿಗೆ ಅಂಟಿಸುವ ಚಿಕ್ಕ ಬಿಲ್ಲೆಗಳು. ಇವು ಮರದ ಧ್ವನಿಗೆ ಹೆಚ್ಚು ಹತ್ತಿರ. ಆದರೆ ವರ್ಧಕವನ್ನು ಏರಿಸಿದಂತೆ ಊಳಿಗೂ ಹೆಚ್ಚು ಹತ್ತಿರ. ಗಾಳಿಯ ಎಡೆಯಲ್ಲಿ ನಿಲ್ಲುವುದು ಒಡಲೊಳಗಿನ ಪುಟ್ಟ ಮೈಕು. ಎಲ್ಲಕ್ಕಿಂತ ಸಹಜವಾದ ಇದು ಗದ್ದಲದ ಮೇಳದಲ್ಲಿ ನಿಲ್ಲಲಾರದು. ಬೇರೊಂದು ಗ್ರಾಹಕದ ಜೊತೆಗೆ ಅಲ್ಪವಾಗಿ ಬೆರೆಸಿದರೆ ಮಾತ್ರ ಶೋಭಿಸುವುದು. ಒಬ್ಬನೇ ಕುಳಿತು ಶಾಂತವಾದ ಸಭೆಯಲ್ಲಿ ನುಡಿಸುವವನಿಗೆ ಹಲಗೆಯ ಬಿಲ್ಲೆಗಳೂ, ಭೇರಿಯ ಪಕ್ಕದಲ್ಲಿ ನಿಲ್ಲುವವನಿಗೆ ಅಯಸ್ಕಾಂತವೋ ಕುದುರೆಯ ಪಟ್ಟಿಯೋ ತಕ್ಕುವು. ನೈಲಾನ್ ತಂತಿಯ ವಾದ್ಯಕ್ಕೆ ಅಯಸ್ಕಾಂತವು ಸಲ್ಲದೆಂಬುದನ್ನು ಹಿಂದೆಯೇ ಹೇಳಿದೆ.

ಜೋಡಣೆಯ ವಿಷಯದಲ್ಲಿ ಕುದುರೆಯ ಪಟ್ಟಿಗೆ ಅತ್ಯಂತ ಜಾಗ್ರತೆ ಬೇಕು. ತಂತಿಗಳನ್ನು ಸಡಲಿಸಿ, ಕುದುರೆಯ ಮೇಲಣ ಮೂಳೆಯ ಪಟ್ಟಿಯನ್ನು ಎತ್ತಿ, ಅದು ಕುಳಿತ ಗಾಡಿಯ ಒಂದು ತುದಿಯಲ್ಲಿ ಸಣ್ಣ ಬೈರಿಗೆಯಿಂದ ಒಡಲೊಳಕ್ಕೆ ರಂಧ್ರವನ್ನಿಳಿಸಿ, ಗ್ರಾಹಕದ ತಂತಿಯನ್ನು ಅದರಲ್ಲಿ ಹಾಯಿಸುವರು. ಗಾಡಿಯ ತಳವು ಕನ್ನಡಿಯಂತೆ ಸಮವಾಗಿರಬೇಕು. ಮೂಳೆಯ ಬುಡವೂ ಹಾಗೆಯೇ. ಎಲ್ಲಿಯಾದರೂ ತಗ್ಗಿದ್ದರೆ ಅದರ ನೇರಕ್ಕಿರುವ ತಂತಿಯು ಕುಗ್ಗಿ ಕೇಳಿಸುವುದು. ಗ್ರಾಹಕದ ದಪ್ಪದಷ್ಟು ಮೂಳೆಯನ್ನು ಬುಡದಿಂದ ಮರಳುಕಾಗದದ ಮೇಲೆ ಉಜ್ಜಿ ತಗ್ಗಿಸದಿದ್ದರೆ ತಂತಿಗಳು ಎತ್ತರವಾಗಿ ಬೆರಳಿಗೆ ಕಷ್ಟವಾಗುವುದು. ಉಜ್ಜುವಾಗ ತಲೆಯ ಕಡೆಯನ್ನು ಮುಟ್ಟಬಾರದು. ಸ್ವರಶುದ್ಧಿಗಾಗಿ ಅದನ್ನು ರೂಪಿಸಿರುವರು. ಬಳಿಕ ವಾದ್ಯದ ಬುಡದಲ್ಲಿ ಹೆಗಲಪಟ್ಟಿ ಸಿಕ್ಕಿಸುವ ಗುಬಟಿನ ರಂಧ್ರವನ್ನು ಸುಮಾರು ೧೨ ಮಿಲಿಮೀಟರಿಗೆ ಅಗಲಿಸಿ ಹೊರಸಂಪರ್ಕದ ಕೊಳವೆಯನ್ನು ಕೂಡಿಸುವರು. ಇದನ್ನು ಒಮ್ಮೆಗೇ ಕೊರೆದರೆ ಮರವು ಸೀಳಬಹುದು. ಸ್ವಲ್ಪ ಸ್ವಲ್ಪವಾಗಿ ಅಗಲಿಸುವ ರೀಮರ್ ಎಂಬ ಸಲಕರಣೆಯೇ ಯೋಗ್ಯ. ಒಳಗಣ ವರ್ಧಕಕ್ಕೆ ೯ ವೋಲ್ಟಿನ ಬ್ಯಾಟರಿ ಬೇಕಾಗುವುದು. ಹೊರಗಿನ ತಂತಿಯನ್ನು ಚುಚ್ಚಿದಾಗ ಅದು ಚಾಲೂ ಆಗುವ ಏರ್ಪಾಡು ಸಾಮಾನ್ಯ. ಆದಕಾರಣ ನುಡಿಸಿದ ಮೇಲೆ ತಂತಿಯನ್ನು ಕಳಚದವರು ಮರುದಿನ ಬ್ಯಾಟರಿಯನ್ನು ಹಳಿಯಬಾರದು. ಒಡಲೊಳಗಿನ ತಂತಿಗಳನ್ನು ಕೊಂಡಿಗಳಿಂದ ಬಿಗಿಯದಿದ್ದರೆ ಅವು ಹಲಗೆಗೆ ತಾಗಿ ಜಿರುಗುಟ್ಟುವುವು.

ಪೀಡನಗ್ರಾಹಕದ ವಿದ್ಯುತ್ತು ಸುಕುಮಾರವಾದುದು. ಅದನ್ನು ಸ್ವೀಕರಿಸುವ ಯಂತ್ರದ ಪ್ರತಿರೋಧವು ಕನಿಷ್ಠ ೧೦ ಲಕ್ಷ ಓಮುಗಳಷ್ಟಾದರೂ ಇರಬೇಕು. ಇಲ್ಲವಾದರೆ ಮಂದ್ರಸ್ವರಗಳು ಸೊರಗಿ, ತಗಡನ್ನು ಬಡಿದಂತಹ ಧ್ವನಿ ಬರುವುದು. ಗ್ರಾಹಕವು ಕೆಟ್ಟದ್ದೆಂದು ಜನರು ದೂರುವಲ್ಲಿ ಅನೇಕವೇಳೆ ತಪ್ಪು ಈ ಹೊಂದಿಕೆಯದು. ಊಳು ಹೆಚ್ಚಾದಾಗ ನಾದರಂಧ್ರಕ್ಕೆ ರಬ್ಬರಿನ ಮುಚ್ಚಳವನ್ನಿಡುವುದು ಸುಲಭೋಪಾಯ.

೭. ಉಪಸಂಹಾರ

ನಮ್ಮ ದೇಶದ ವಾದ್ಯಗಳಿಗೂ ಈ ಪ್ರಶ್ನೆ ಬಂದು ಹೋಗಿದೆ. ಮೈಸೂರಿನ ಆಸ್ಥಾನದ ವೀಣೆ ಶೇಷಣ್ಣನವರ (೧೮೫೨–೧೯೨೬) ಕಾಲದಲ್ಲಿ ವೀಣೆಯು ಹತ್ತಿರ ಕುಳಿತವರ ಕಿವಿಗೆ ಸಾಕಾಗಿದ್ದಿತು. ಸಾರ್ವಜನಿಕ ಸಭಾಂಗಣಗಳು ಬಂದಮೇಲೆ ವೈಣಿಕರಲ್ಲಿ ಅನೇಕರು ಮೈಗೆ ತಾಗಿಸುವ ಗ್ರಾಹಕವನ್ನು ಅಂಗೀಕರಿಸಿದರು. ಅದರಿಂದ ವೀಣೆಯ ಸಹಜ ಮಾಧುರ್ಯ ಕೆಟ್ಟಿತೆಂದು ರಸಿಕರಲ್ಲಿ ವಾದವೂ ನಡೆಯಿತು. ಮ್ಯಾಂಡೊಲಿನ್ ಯು. ಶ್ರೀನಿವಾಸರಾದರೋ (೧೯೬೯–೨೦೧೪) ವಿದ್ಯುತ್ ಮ್ಯಾಂಡೊಲಿನ್ನನ್ನೇ ಹಿಡಿದು, ಗಮಕಗಳಿಗೆ ಬೇಕಾದ ದೀರ್ಘನಾದವನ್ನು ಅದರಿಂದ ಪಡೆದು, ಕರ್ಣಾಟಕ ಸಂಗೀತದಲ್ಲಿ ಅದಕ್ಕೆ ಸ್ಥಾನವನ್ನು ದೊರಕಿಸಿದರು. ಒಂದು ವಾದ್ಯಕ್ಕೆ ನಷ್ಟವಾದುದು ಇನ್ನೊಂದಕ್ಕೆ ಜೀವವಾಯಿತು. ಇದರಲ್ಲಿ ಸಾರ್ವತ್ರಿಕವಾದ ವಿಧಿನಿಷೇಧಗಳನ್ನು ಹೇಳಲು ನಾವು ಧೈರ್ಯಪಡೆವು.

ನಮ್ಮ ವಿದ್ಯಾರ್ಥಿಗೆ ನಾವು ಹೇಳಿದ್ದು ಇಷ್ಟು. ಅಂಗಡಿಯಿಂದ ಹೊಸದಾಗಿ ತಂದ, ಹತ್ತರಲ್ಲಿ ಹನ್ನೊಂದಾದ ಗಿಟಾರಾಗಿದ್ದರೆ ನಿಸ್ಸಂಕೋಚವಾಗಿ ಕೊರೆಯಿಸು. ನುಡಿಸದೆ ಮೂಲೆಯಲ್ಲಿಟ್ಟ ವಾದ್ಯಕ್ಕಿಂತ ರಂಧ್ರವಿದ್ದು ಸಭೆಯನ್ನು ತಣಿಸುವ ವಾದ್ಯವು ಮೇಲು. ಇದಾದರೋ ನಿನ್ನ ತಂದೆಯದು. ಇಂತಹುದು ಇನ್ನೊಂದು ಬರದು. ಡಿಆರ್ಮಂಡನು ತೋರಿಸಿದ ದಾರಿ ಇದ್ದೇ ಇದೆ: ಮೊದಲು ನಾದರಂಧ್ರಕ್ಕೆ ಸಿಕ್ಕಿಸುವ ಗ್ರಾಹಕವನ್ನು ಹಾಕಿ ಒಂದು ವರ್ಷ ನುಡಿಸು. ಅದರಲ್ಲಿ ಏನು ಕಳೆದುಹೋಗುತ್ತದೆ ಎಂಬುದು ನಿನ್ನ ಕಿವಿಗೆ ಗೊತ್ತಾಗಲಿ. ಆಮೇಲೂ ಕೊರೆಯಬೇಕೆನಿಸಿದರೆ ಕೊರೆಯಿಸು. ಕೊರೆಯದಿರುವುದನ್ನು ಎಂದಾದರೂ ಕೊರೆಯಬಹುದು, ಕೊರೆದುದನ್ನು ಮುಚ್ಚಲಾಗದು.

ಅವನು ಹಾಗೆಯೇ ಮಾಡಿದನು. ಕಳೆದ ತಿಂಗಳ ಸಭೆಯಲ್ಲಿ ನಾವು ಕೊನೆಯ ಸಾಲಿನಲ್ಲಿ ಕುಳಿತು ಕೇಳಿದೆವು. ಒಂದು ಸ್ವರವೂ ತಪ್ಪದೆ ನಮ್ಮವರೆಗೆ ಬಂದಿತು. ಆದರೆ ಜಗಲಿಯ ಮೇಲೆ ಕೇಳಿದ್ದ ಧ್ವನಿಯು ಅದರಲ್ಲಿ ಅರ್ಧವೇ ಇದ್ದಿತು. ಸಭೆ ಮುಗಿದ ಮೇಲೆ ಅವನಿಗೆ ಇದನ್ನು ಹೇಳಿದಾಗ ಅವನು, “ನನಗೂ ಹಾಗೇ ಕೇಳಿಸಿತು, ಮೇಷ್ಟ್ರೇ. ಉಳಿದದ್ದು ಮನೆಯಲ್ಲಿದೆ, ಒಂದು ದಿನ ಬನ್ನಿ,” ಎಂದನು. ಮುಂದಿನ ಭಾನುವಾರ ಹೋಗಬೇಕೆಂದಿದ್ದೇವೆ.